ನನ್ನ ಜಾಗದಲ್ಲಿ ಕೂತವನು

“ಹೆಂಡತಿ ಇರೋ ಮನೆಗೆ ಮಾತ್ರ ಇದನ್ನ ತಗೊಂಡು ಹೋಗ್ಬೇಡಿ,” ಎಂದಳು ಮುದುಕಿ. ಕಾಗದ ಕೊಡಲು ಚಾಚಿದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆಳೆದುಕೊಂಡಳು.

ದಂತವೈದ್ಯ ನಕ್ಕ. ಹಳೆಯ ಯುದ್ಧಗಳ ಸಾಮಾನು ಕೂಡಿಡುವುದು ಅವನ ಹುಚ್ಚು. ತುಕ್ಕು ಹಿಡಿದ ಶಿರಸ್ತ್ರಾಣ, ಬುತ್ತಿ ಡಬ್ಬಿ, ಬಿಲ್ಲೆಗಳು ಎಲ್ಲ ಇದ್ದವು. ಸಿಪಾಯಿಯೊಬ್ಬ ರಣರಂಗದಿಂದ ಮನೆಗೆ ಬರೆದ ಕಾಗದವೊಂದೇ ಇರಲಿಲ್ಲ. ಈ ಕಾಗದಕ್ಕೆ ಸೇನೆಯ ತಪಾಸಣೆಯ ಮುದ್ರೆ ಇತ್ತು, ಊರಿನ ಹೆಸರಿದ್ದಲ್ಲಿ ನೀಲಿ ಪೆನ್ಸಿಲಿನ ಗೀಟು ಇತ್ತು, ಮಡಿಕೆಯಲ್ಲಿ ಒಣಗಿದ ಕೆಸರಿತ್ತು. ಅವನ ಬಾಯಲ್ಲಿ ಆಗಲೇ ನೀರೂರುತ್ತಿತ್ತು.

“ನಮ್ಮ ದೊಡ್ಡಪ್ಪ ಬರೆದದ್ದು. ಹೆಂಡ್ತಿ ಮೇಲೆ ಭಾರೀ ಅನುಮಾನ ಅವನಿಗೆ. ಪಾಳೆಯದಲ್ಲಿ ಮಾಟ ಬಲ್ಲವನೊಬ್ಬ ಇದ್ನಂತೆ. ಅವನ ಕೈಲಿ ಮಂತ್ರ ಹಾಕಿಸಿ, ಮಸಿಗೆ ತನ್ನ ರಕ್ತ ಕಲಸಿ ಬರೆದ. ತಾನು ಬರೋ ತನಕ ತನ್ನ ಜಾಗದಲ್ಲಿ ಕೂತವನು ಕಳ್ಳನಾಗ್ಲಿ ಅಂತ.”

“ಬಂದನಾ?”

“ಇಲ್ಲ. ದೊಡ್ಡಮ್ಮ ಕಾದೂ ಕಾದೂ ಇನ್ನೊಬ್ಬನನ್ನ ಮದುವೆಯಾದ್ಲು. ಆ ಎರಡನೇ ಗಂಡನಿಗೆ ಆ ಮನೇಲಿ ನಿಲ್ಲೋಕಾಗ್ಲಿಲ್ಲ. ಆಮೇಲೆ ಕಾಗದ ಇದ್ದ ಪೆಟ್ಟಿಗೆ ನನ್ನ ಪಾಲಿಗೆ ಬಂತು. ನಾನು ಮದುವೆನೇ ಆಗ್ಲಿಲ್ಲ. ನಿಮ್ಮ ದವಾಖಾನೆಲಿ ಇಟ್ಕೊಳ್ಳಿ, ಅಲ್ಲಾದ್ರೆ ತೊಂದರೆಯಿಲ್ಲ.”

“ಒಂದು ಕಾಗದಕ್ಕೆ ಹೆದರಿ ಮದುವೆ ಬಿಟ್ರಾ? ಹೆದರದೆ ಮದುವೆಯಾದ ನಾವೇನು ಮಹಾ ಸುಖಪಡ್ತಿದ್ದೀವಿ ಅಂತ?”

ಮುದುಕಿ ನಗದೆ ಕಾಗದವನ್ನು ಅವನ ಕೈಗಿಟ್ಟಳು.

ಅನುಮಾನದ ವಿಷಯದಲ್ಲಿ ಇವನೇನೂ ಸಿಪಾಯಿಗಿಂತ ಕಮ್ಮಿಯಿರಲಿಲ್ಲ. ಹೆಂಡತಿ ಮೊದಲು ದವಾಖಾನೆಯ ಮುಂದಿನ ಮೇಜಿನಲ್ಲಿ ಕೂತು ರೋಗಿಗಳನ್ನು ಒಳಗೆ ಕಳಿಸುತ್ತಿದ್ದಳು. ಹಲ್ಲುನೋವಿನವರು ಕೂಡ ಅವಳನ್ನು ಕಂಡು ಹಲ್ಲು ಕಿರಿಯುತ್ತಾರೆಂದು ಇವನಿಗೆ ಹೊಟ್ಟೆಯುರಿ. ಏನೇನೋ ನೆವ ಹೇಳಿ ಅವಳನ್ನು ಮನೆಯಲ್ಲೇ ಕೂರಿಸಿದ್ದ.

ಕಾಗದಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಮನೆಯ ಹಜಾರದಲ್ಲೇ ತಾನು ಕೂರುವ ಬೆತ್ತದ ಕುರ್ಚಿಯ ಮೇಲ್ಗಡೆ ತೂಗುಹಾಕಿದ. ಹೆಂಡತಿ ನಿಂತಲ್ಲೇ ನಿಂತು ಓದಿದಳು. ‘ನನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸಬೇಡ. ಸಂಜೆಯಾಗುತ್ತಲೇ ಚಿಲಕ ಹಾಕಿಕೋ. ಇಲ್ಲಿ ಬೂಟಿನೊಳಗೆಲ್ಲ ನೀರು. ಕಣ್ಣು ಮುಚ್ಚಿದರೆ ನೀನೇ. ನಾನು ಬಂದೇ ಬರುತ್ತೇನೆ.’

“ಎಷ್ಟು ಪ್ರೀತಿ ನೋಡ್ರೀ,” ಎಂದಳು ಕಣ್ಣೊರೆಸಿಕೊಂಡು. “ನೀವು ನನಗೆ ಒಂದು ಚೀಟಿನಾದ್ರೂ ಬರೆದದ್ದುಂಟಾ?”

“ಔಷಧಿ ಚೀಟಿ ಬರೆದುಕೊಟ್ಟಿದ್ದೀನಲ್ಲ.”

ತಮಾಷೆಯಾಗಿ ಅಂದನೇನೋ ನಿಜ. ಆದರೆ ಸತ್ತು ಮಣ್ಣಾದವನ ಮೇಲೆ ಅವನಿಗೆ ಅಂದೇ ಹೊಟ್ಟೆಕಿಚ್ಚು ಶುರುವಾಯಿತು.

ಮೊದಲು ಬಂದದ್ದು ವಾಸನೆ. ನೆಂದ ಉಣ್ಣೆ, ಬೂಟಿನ ಚರ್ಮ, ಸುಟ್ಟ ಸಿಡಿಮದ್ದು. ದವಾಖಾನೆಯಿಂದ ಮರಳಿದಾಗ ಅವನ ಕುರ್ಚಿ ಬೆಚ್ಚಗಿರುತ್ತಿತ್ತು. ನೆಲದ ಮೇಲೆ ಕೆಸರಿನ ಗುರುತು. ಹೆಂಡತಿ ತಲೆ ಬಾಚಿಕೊಂಡು ಕಿಟಕಿಯ ಬಳಿ ರಸ್ತೆ ಕಾಯುತ್ತಿರುತ್ತಿದ್ದಳು. ಇವನನ್ನು ಕಂಡೊಡನೆ ಮುಖ ಸಪ್ಪಗಾಗುತ್ತಿತ್ತು. ಯಾವನೋ ಬಂದುಹೋಗುತ್ತಿದ್ದಾನೆ ಎಂದು ಅವನು ತೀರ್ಮಾನಿಸಿದ. ದಿಂಬು ಮೂಸಿದ. ಮಂಚದ ಕೆಳಗೆ ಬಗ್ಗಿ ನೋಡಿದ. ಒಂದು ಮಧ್ಯಾಹ್ನ ರೋಗಿಯ ಬಾಯಿ ತೆರೆಸಿ, ಕೆಲಸ ಅರ್ಧಕ್ಕೇ ಬಿಟ್ಟು ಮನೆಗೆ ಓಡಿದ. ಪಾಪ, ಆ ಮನುಷ್ಯ ಅದೆಷ್ಟು ಹೊತ್ತು ಬಾಯಿ ತೆರೆದುಕೊಂಡು ಕೂತಿದ್ದನೋ.

ಮನೆಯಲ್ಲಿ ಹೆಂಡತಿ ಒಬ್ಬಳೇ ಬಟ್ಟೆ ಮಡಿಸುತ್ತಿದ್ದಳು.

“ಯಾರು ಬಂದಿದ್ರು?”

“ಯಾರೂ ಇಲ್ಲ, ಡಾಕ್ಟ್ರೇ.”

ಮದುವೆಯಾದಂದಿನಿಂದ ‘ರೀ’ ಎನ್ನುತ್ತಿದ್ದವಳು ರೋಗಿಗಳ ಹಾಗೆ ‘ಡಾಕ್ಟ್ರೇ’ ಎಂದಳು. ಅವಳು ಎದ್ದು ಗಡಿಬಿಡಿಯಿಂದ ಪರದೆ ಎಳೆದಳು.

“ಹಗಲು ಹೊತ್ತಲ್ಲೇ ಬಂದ್ಬಿಡ್ತೀರಲ್ಲ. ಅಕ್ಕಪಕ್ಕದವರು ನೋಡಿದ್ರೆ ನನ್ನ ಗತಿಯೇನು?”

“ನನ್ನ ಮನೆಗೆ ನಾನು ಬರೋಕೆ ಯಾರ ಭಯ?”

“ಮೆಲ್ಲಗೆ ಮಾತಾಡಿ,” ಎಂದು ಅವಳು ಹೊಸಿಲಿನತ್ತ ನೋಡಿದಳು. ಆ ಕಣ್ಣುಗಳಲ್ಲಿ ನಟನೆಯಿರಲಿಲ್ಲ.

ಮುದುಕಿಯ ಮಾತು ಆಗ ಅರ್ಥವಾಯಿತು. ಈ ಮನೆಗೆ ಕಳ್ಳನೊಬ್ಬ ಬರುತ್ತಿದ್ದದ್ದು ನಿಜ. ಆ ಕಳ್ಳ ತಾನೇ.

ಸಂಜೆಯ ಹೊತ್ತಿಗೆ ಮೋಡ ಕವಿದು ದೀಪ ಹೋಯಿತು. ಅವನು ಕುರ್ಚಿ ಹತ್ತಿ ಚೌಕಟ್ಟು ಇಳಿಸಿದ. ಗಾಜಿನ ಒಳಗೆ ಯಾರೋ ಉಸಿರು ಬಿಟ್ಟಂತೆ ಮಂಜು. ಗಾಜು ಒಡೆದ. ಕಾಗದ ಕೈಗೆ ಬಂತು. ಮಸಿ ಹಸಿಯಾಗಿತ್ತು. ಬೆರಳಿಗೆ ಅಂಟಿತು. ರಕ್ತದ ವಾಸನೆ. ಎಷ್ಟೋ ಬಾಯಿಗಳ ರಕ್ತ ಒರೆಸಿದವನು ಬೆರಳನ್ನು ಅಂಗಿಗೆ ಉಜ್ಜಿಕೊಂಡ. ಕಾಗದ ಸುಡಲೆಂದು ಕಡ್ಡಿ ಗೀರಿದ. ಆರಿತು. ಮತ್ತೆ ಗೀರಿದ. ಯಾರೋ ಊದಿದಂತೆ ಆರಿತು. ಹೊರಗೆ ಗೇಟು ಕಿರ್ರೆಂದಿತು. ಬೂಟಿನ ಸದ್ದು. ಭಾರದ ಸದ್ದು. ಮೆಟ್ಟಿಲ ಮೇಲೆ. ಬಾಗಿಲ ಮುಂದೆ. ಒಂದು ಕೆಮ್ಮು.

ಹೆಂಡತಿ ಕತ್ತಲಲ್ಲಿ ಅವನ ತೋಳು ಹಿಡಿದಳು. “ಅವರು ಬಂದ್ರು. ದಮ್ಮಯ್ಯ ಡಾಕ್ಟ್ರೇ, ಹಿಂದಿನ ಬಾಗಿಲಿಂದ ಹೋಗ್ಬಿಡಿ.”

“ನಾನು ನಿನ್ನ ಗಂಡ ಕಣೇ.”

“ಅವರ ಮುಂದೆ ಹಾಗನ್ಬೇಡಿ. ಇಬ್ಬರನ್ನೂ ಕೊಂದ್ಹಾಕ್ತಾರೆ.”

ನಿಲ್ಲಬೇಕೆಂದುಕೊಂಡ. ಕಾಲು ನಿಲ್ಲಲಿಲ್ಲ. ಬರಿಗಾಲಲ್ಲಿ ಹಿತ್ತಲಿಗೆ ಬಂದು ಬಿದ್ದ. ಬೆನ್ನ ಹಿಂದೆ ಚಿಲಕ ಬಿತ್ತು. ಒಳಗೆ ದೀಪ ಬಂತು. ಕಿಟಕಿಯ ಸಂದಿಯಿಂದ ಇಣುಕಿದ. ಅವನ ಕುರ್ಚಿಯಲ್ಲಿ ನೆಂದ ಕೋಟಿನ ಅಗಲವಾದ ಬೆನ್ನು. ಅವಳು ಕೆಳಗೆ ಕೂತು ಬೂಟಿನ ದಾರ ಬಿಚ್ಚುತ್ತ ಅಳುತ್ತಿದ್ದಳು, ನಗುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಅಂಥ ನಗು ಒಂದು ದಿನವೂ ಸಿಕ್ಕಿರಲಿಲ್ಲ. ಪ್ರಾಣಭಯದ ನಡುವೆಯೂ ಅದೇ ಅವನ ಹೊಟ್ಟೆಯನ್ನು ಸುಟ್ಟಿತು.

ಮುಖದ ಮೇಲೆ ಟಾರ್ಚಿನ ಬೆಳಕು ಬಿತ್ತು. ಪಕ್ಕದ ಮನೆಯ ಗಂಡ ಹೆಂಡತಿ. ದಿನಾ ಅವನಿಗೆ ನಮಸ್ಕಾರ ಹೇಳುತ್ತಿದ್ದವರು.

“ಯಾರ್ರೀ ಅದು?” ಎಂದಳು ಆಕೆ.

“ಅದೇ, ಆ ಹಲ್ಲಿನ ಡಾಕ್ಟ್ರು. ಪಾಪ, ಗಂಡ ಯುದ್ಧಕ್ಕೆ ಹೋಗಿದ್ದಾನೆ ಅಂತ ಇಷ್ಟು ದಿನ ಬಂದೂ ಹೋಗೀ ಮಾಡ್ತಿದ್ನಲ್ಲ, ಅವನೇ.”

ಇದು ನನ್ನ ಮನೆ ಎನ್ನಲು ಬಾಯಿ ತೆರೆದ. ಒಳಗಿನಿಂದ ಎದ್ದದ್ದು ಕೋಪವಲ್ಲ, ಸಿಕ್ಕಿಬಿದ್ದವನ ನಾಚಿಕೆ. ಅಷ್ಟರಲ್ಲಿ ಬೂಟಿನ ಸದ್ದು ಹಿಂದಿನ ಬಾಗಿಲಿನತ್ತ ತಿರುಗಿತು.

ದಂತವೈದ್ಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಓಡಿದ.