ಕಾಲು ಕೊಟ್ಟವಳು

"ಆ ಪೆಟ್ಟಿಗೆ ಒಂದು ಬಿಟ್ಟು ಏನ್ ಬೇಕಾದ್ರೂ ತಗೊಳ್ಳಪ್ಪ," ಎಂದಳು ರಂಗಮಂದಿರದಲ್ಲಿ ಉಡುಪು ಹೊಲಿಯುವ ಅಜ್ಜಿ. ಹಾಗೆ ಹೇಳುತ್ತಲೇ, ಜಾದೂಗಾರ ಕೇಳದಿದ್ದರೂ, ಅವನ ಕೋಟಿನ ಹರಿದ ತೋಳಿಗೆ ಹೊಲಿಗೆ ಹಾಕುತ್ತಿದ್ದಳು.

ಅವನು ನಕ್ಕ. ಹೋದಲ್ಲೆಲ್ಲ ಸಿಳ್ಳೆ, ಬೈಗುಳ ತಿಂದು ಬಂದವನು. ಸ್ವಂತ ಪೆಟ್ಟಿಗೆ ದಾರಿಯಲ್ಲಿ ಒಡೆದುಹೋಗಿತ್ತು. ಈ ಆಟವೂ ಬಿದ್ದುಹೋದರೆ ಅವನ ಜಾದೂಗಾರಿಕೆ ಅಲ್ಲಿಗೆ ಮುಗಿಯಿತು.

ಹೆಂಗಸನ್ನು ಗರಗಸದಿಂದ ಎರಡು ತುಂಡು ಮಾಡುವ ಆಟದ ಪೆಟ್ಟಿಗೆ ಅದು. ಒಳಗೆ ಇಬ್ಬರಿರುತ್ತಾರೆ. ಜನರೆದುರು ಮಲಗುವವಳು ಮಂಡಿ ಮಡಚಿಕೊಂಡು ತಲೆಯನ್ನಷ್ಟೇ ತೋರಿಸುತ್ತಾಳೆ. ಮೊದಲೇ ಅಡಗಿ ಕೂತವಳು ಇನ್ನೊಂದು ತುದಿಯಿಂದ ಕಾಲು ಚಾಚುತ್ತಾಳೆ. ಚಪ್ಪಾಳೆಯೆಲ್ಲ ತಲೆಗೆ. ಕಾಲು ಕೊಟ್ಟವಳು ಇದ್ದಾಳೆಂಬುದೇ ಯಾರಿಗೂ ತಿಳಿಯಬಾರದು.

"ಹಿಂದಿನ ಜಾದೂಗಾರ ಒಬ್ಬ ಹುಡುಗೀನ ಬರೀ ಕಾಲಾಗೇ ಇಟ್ಕೊಂಡ. ನಾಳೆ ಜನಕ್ಕೆ ಮುಖ ತೋರಿಸ್ತೀನಿ, ನಾಳೆ ತೋರಿಸ್ತೀನಿ ಅಂತ. ಕೊನೆಗೆ ಒಳಗೇ ಉಸಿರುಗಟ್ಟಿ ಸತ್ಲು. ಅವಳಮ್ಮ ಮಗಳ ಕೂದಲನ್ನ ಹಲಗೆ ಸಂದಿಗೆ ತುರುಕಿ ಮಾಟ ಮಾಡಿಸಿದ್ಲು. ಒಂದು ಮುಖ ಸಿಗೋ ತನಕ ಅವಳು ಅಲ್ಲೇ."

"ಪುಕ್ಕಟೆ ಕಾಲು ಸಿಗೋದಾದ್ರೆ ಯಾರು ಬೇಡ ಅಂತಾರೆ ಅಜ್ಜಿ?"

ಅಜ್ಜಿ ಹಲ್ಲಿನಿಂದ ದಾರ ಕಡಿದಳು.

ಮುಚ್ಚಳ ಎತ್ತಿದಾಗ ಹಳೇ ಬೆವರು, ಒದ್ದೆ ಕೂದಲಿನ ನಾತ ಗಪ್ಪೆಂದು ಬಡಿಯಿತು. ತಲೆಯಾಗಿ ಮಲಗುವ ಅವನ ಹೆಂಡತಿ ಮೂಗು ಮುಚ್ಚಿಕೊಂಡಳು. ಇಷ್ಟು ವರ್ಷ ಕಾಲು ಕೊಡುತ್ತ ಬಂದಿದ್ದ ಅವಳ ತಂಗಿ ಹಿಂದೆ ಸರಿದಳು.

"ಭಾವ, ಇವತ್ತು ಜನದ ಮುಂದೆ ನಾನ್ ಮಲಗ್ತೀನಿ. ನನಗೂ ಒಂದು ಮುಖ ಇದೆ."

"ಆ ಮುಖ ನೋಡಿದ್ರೆ ಜನ ಟಿಕೆಟ್ ದುಡ್ಡು ವಾಪಸ್ ಕೇಳ್ತಾರೆ. ಬಾಯ್ಮುಚ್ಕೊಂಡು ಒಳಗೆ ಹೋಗು."

ಹೆಂಡತಿ ತಂಗಿಯ ಕೆನ್ನೆ ಒರೆಸಿದಳು. "ಮುಂದಿನ ಸಲ ನೀನೇ ಕಣೇ. ನಾನ್ ಹೇಳ್ತೀನಿ ಅವರಿಗೆ." ಅವನು ಆಗಲೇ ಗರಗಸಕ್ಕೆ ಎಣ್ಣೆ ಸವರತೊಡಗಿದ್ದ.

ಪರದೆ ಎದ್ದಿತು. "ಏನ್ ಗುರೂ, ಮೊಲ ಮನೇಲೇ ಮರೆತ್ಯಾ?" ಮುಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆಯೆಲ್ಲ ಕೇಕೆ ಹಾಕಿತು. ಹೆಂಡತಿ ಮಲಗಿದಳು. ಅವನು ಪೆಟ್ಟಿಗೆ ತಟ್ಟಿ ಸನ್ನೆ ಕೊಟ್ಟ. ಕಾಲು ಬರಲಿಲ್ಲ. ಮತ್ತೆ ತಟ್ಟಿದ. ಸಿಳ್ಳೆ ಏರಿತು.

ಆಮೇಲೆ ಬಂದವು. ಮೆಲ್ಲಗೆ, ಬಿಳಿಚಿಕೊಂಡ ಎರಡು ಪಾದ.

ಕೊನೆಗೂ ನಾದಿನಿಗೆ ಬುದ್ಧಿ ಬಂತೆಂದುಕೊಂಡು ಗರಗಸ ಎಳೆದ. ಪಾದಗಳು ಒದ್ದಾಡಿದವು. ಎಂದೂ ಯಾರೂ ಹಾಗೆ ಒದ್ದಾಡಿದ್ದಿಲ್ಲ. ಕೂಗುತ್ತಿದ್ದ ಸಭೆ ತಣ್ಣಗಾಯಿತು. ಹೆಂಡತಿಯ ನಗು ಮಾಸಿತು.

"ರೀ... ಒಳಗೆ ನನ್ನ ಸೊಂಟ ಹಿಡ್ಕೊಂಡು ಮೇಲಕ್ಕೆ ಹತ್ತಾ ಇದ್ದಾಳೆ ರೀ."

"ನಗು," ಎಂದ ಹಲ್ಲು ಕಚ್ಚಿ.

ಆಗ ಕಂಡಿತು. ಪಕ್ಕದ ಪರದೆಯ ಮರೆಯಲ್ಲಿ ನಾದಿನಿ. ಮುನಿಸಿಕೊಂಡು ಕೈಕಟ್ಟಿ ನಿಂತಿದ್ದಾಳೆ. ಒಳಗೆ ಹೋಗಿಯೇ ಇಲ್ಲ.

ಗರಗಸ ಕೈಯಿಂದ ಜಾರಿತು. ನಾತ ಏರಿತು. ಚಿಲಕಕ್ಕೆ ಕೈ ಹಾಕಿದ. ತೆಗೆದರೆ ಹೆಂಡತಿ ಉಳಿಯುತ್ತಾಳೆ. ತೆಗೆದರೆ ಆಟದ ಗುಟ್ಟೂ ಬಯಲು.

"ತೆಗೀರಿ!" ಅವಳು ಚೀರಿದಳು.

ಅಷ್ಟರಲ್ಲಿ ಸಭೆ ಎದ್ದು ನಿಂತಿತು. ಚಪ್ಪಾಳೆ. ಅವನ ಜನ್ಮದಲ್ಲೇ ಕೇಳಿರದ ಚಪ್ಪಾಳೆ. ಚೀರಾಟವೂ ಆಟವೆಂದೇ ಅವರು ಎಣಿಸಿದ್ದರು.

ಒಂದೇ ಒಂದು ಕ್ಷಣ ಎಂದುಕೊಂಡ. ಚಿಲಕ ಬಿಟ್ಟ. ಸಭೆಯತ್ತ ತಿರುಗಿ ಬಾಗಿದ.

ತಲೆ ಎತ್ತಿದಾಗ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಬೆಳಕಿಗೆ ಮುಖವೊಡ್ಡಿ, ಬಾಯ್ತುಂಬ ನಗುತ್ತ. ಅವನ ಹಿಂದೆ, ಮುಚ್ಚಿದ ಪೆಟ್ಟಿಗೆಯೊಳಗಿಂದ ಹಲಗೆ ಬಡಿಯುವ ಸದ್ದು. "ರೀ..." ಎಂಬ ಕ್ಷೀಣ ದನಿ. ಮತ್ತೊಂದು ಬಡಿತ. ಆಮೇಲೆ ಏನೂ ಇಲ್ಲ.

"ಅಕ್ಕಾ!" ನಾದಿನಿ ಕಿರುಚಿದಳು. ಪಕ್ಕದಲ್ಲಿ ನಿಂತವಳು ತಿರುಗಿ ನೋಡಲಿಲ್ಲ.

ತಣ್ಣನೆಯ ಬೆರಳುಗಳು ಅವನ ಕೈ ಹಿಡಿದವು.

"ಇನ್ನೊಂದ್ ಸಲ ಬಗ್ಗಿ ಸಾರ್," ಎಂದಳು. "ಜನ ನನ್ನ ನೋಡ್ತಾ ಇದ್ದಾರೆ."