ಅಕ್ಕ ಅರೆದ ಕೆಂಪು

"ಆ ಬ್ರಷ್ಷು ಬಾಯಿಗಿಡಬೇಡ ಕಣಮ್ಮ. ಬೇರೆ ಬಣ್ಣ ಆದ್ರೆ ಹಾಳಾಗ್ಹೋಗ್ಲಿ. ಆ ಕೆಂಪು ಮಾತ್ರ ಬೇಡ."

ಬಾಗಿಲಾಚೆಯೇ ನಿಂತು ಹೀಗೆಂದವಳು ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚುವ ಮುದುಕಿ. ಮುದ್ರಣಾಲಯದವರೆಲ್ಲ ಅವಳನ್ನು ಅಂಟಜ್ಜಿ ಎಂದೇ ಕರೆಯುತ್ತಿದ್ದರು. ಒಳಗೆ, ಕಿಟಕಿಯೇ ಇಲ್ಲದ ಹಿಂಬದಿಯ ಕೋಣೆಯಲ್ಲಿ, ದೀಪದ ಕೆಳಗೆ ಕೂತು ಮುಖಪುಟ ಬರೆಯುತ್ತಿದ್ದವಳು ಒಡತಿಯ ತಂಗಿ ಚಿಕ್ಕಿ. ಬ್ರಷ್ಷಿನ ತುದಿಯನ್ನು ತುಟಿಗಳ ನಡುವೆ ಎಳೆದು ಚೂಪು ಮಾಡಿಕೊಳ್ಳುವುದು ಅವಳ ಹಳೆಯ ಚಾಳಿ.

"ಯಾಕಜ್ಜಿ, ವಿಷಾನಾ?"

"ವಿಷ ಆಗಿದ್ರೆ ಇಷ್ಟು ಹೆದರ್ತಿರಲಿಲ್ಲ. ಅದು ಅಂಗಡಿ ಬಣ್ಣ ಅಲ್ಲ. ನಿಮ್ಮಕ್ಕ ಬಾಗಿಲು ಹಾಕ್ಕೊಂಡು ಅರೆದಿದ್ದು. ಅರೀತಾ ಏನೇನೋ ಗೊಣಗ್ತಿದ್ಲು. ಕೂದಲು ಸುಟ್ಟ ವಾಸನೆ ಬರ್ತಿತ್ತು."

ಚಿಕ್ಕಿ ಬಿದ್ದು ಬಿದ್ದು ನಕ್ಕಳು. "ನಮ್ಮಕ್ಕ ಮಾಟಗಾತಿನಾ? ಹಲ್ಲಿ ಕಂಡ್ರೆ ಮಂಚ ಹತ್ತಿ ನಿಲ್ತಾಳೆ ಅಜ್ಜಿ ಅವಳು!" ಎನ್ನುತ್ತ, ಬೇಕೆಂದೇ ಮುದುಕಿಯ ಕಣ್ಣೆದುರು ಬ್ರಷ್ಷನ್ನು ಕೆಂಪಿನಲ್ಲಿ ಅದ್ದಿ ಬಾಯಿಗಿಟ್ಟು ಚೀಪಿದಳು. ನಾಲಿಗೆಗೆ ಉಪ್ಪು ತಗುಲಿತು, ಹಿಂದೆಯೇ ತುಕ್ಕು ಕಬ್ಬಿಣದ ರುಚಿ. ಅಂಟಜ್ಜಿ ಕೈಯಿಂದ ಬಾಯಿ ಮುಚ್ಚಿಕೊಂಡು ಸರಸರನೆ ಹೊರಟುಹೋದಳು.

ನಗದೆ ಇನ್ನೇನು ಮಾಡಿಯಾಳು? ತಾಯಿ ತೀರಿಕೊಂಡಾಗ ಚಿಕ್ಕಿಗೆ ಇನ್ನೂ ಹಾಲುಹಲ್ಲು. ತಲೆ ಬಾಚಿ, ತುತ್ತಿಟ್ಟು, ಜ್ವರ ಬಂದರೆ ತೊಡೆಯ ಮೇಲೆ ಮಲಗಿಸಿಕೊಂಡು ಸಾಕಿದವಳು ಅಕ್ಕ. ಚಿಕ್ಕಿ ಗಂಡನನ್ನು ಕಳೆದುಕೊಂಡು, ಪುಟ್ಟ ಮಗಳು ಗುಬ್ಬಿಯ ಕೈ ಹಿಡಿದು ಈ ಊರಿಗೆ ಬಂದಿಳಿದಾಗ, "ನಾನಿಲ್ವೇನೇ?" ಎಂದು ಬಾಗಿಲು ತೆರೆದವಳೂ ಅಕ್ಕನೇ. ಅವಳು ಕಾದಂಬರಿ ಬರೆಯುವಳು, ತಾನೇ ಅಚ್ಚು ಹಾಕಿಸುವಳು, ಅವೆಲ್ಲ ಗೋದಾಮಿನಲ್ಲಿ ಗೆದ್ದಲಿನ ಪಾಲಾಗುವವು. "ಒಳಗೆ ಏನಿದ್ರೇನು, ಜನ ಮೊದಲು ನೋಡೋದು ಮುಖಪುಟಾನೇ. ನೀನು ಬರ್ಕೊಡು ಚಿಕ್ಕಿ. ನೋಡಿದವರ ಕಣ್ಣು ಅಲ್ಲಿಂದ ಕದಲಬಾರದು" ಎಂದಿದ್ದಳು. ಸಾಕಿದವಳು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲವೆನ್ನಲಾದೀತೇ!

ಚಿಕ್ಕಿ ಪ್ರಾಣ ಹಾಕಿ ಬರೆದಳು. ಪುಸ್ತಕದ ಹೆಸರನ್ನು ಕೆಳಗೆ ಮೂಲೆಗೆ ಸರಿಸಿ, ಮೇಲೆಲ್ಲ ಬರೀ ಕೆಂಪು ಬಳಿದು, ನಡುವೆ ಕತ್ತಲ ಬಾಗಿಲಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿದಳು. ಯಾರ ಮುಖವನ್ನೂ ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಮುಗಿಸಿ ಹಿಂದೆ ಸರಿದು ನೋಡಿದರೆ ತನ್ನದೇ ಮುಖ. ಕೈಗೆ ಅಭ್ಯಾಸವಾದದ್ದು ಬಂದಿರಬೇಕು ಎಂದುಕೊಂಡು ಸುಮ್ಮನಾದಳು.

ಪುಸ್ತಕ ಅಂಗಡಿಗಳಿಗೆ ಹೋದದ್ದೇ ತಡ, ಜನ ಮುಗಿಬಿದ್ದರು. ಗಾಜಿನ ಹಿಂದಿನ ಆ ಹೆಂಗಸನ್ನು ನೋಡುತ್ತ ದಾರಿಹೋಕರು ಎಲ್ಲಿಗೆ ಹೊರಟಿದ್ದೆವೆಂಬುದನ್ನೇ ಮರೆತು ನಿಲ್ಲುತ್ತಿದ್ದರು. ಕೊಂಡವರು ಪುಟ ತಿರುಗಿಸದೆ ಮುಖಪುಟವನ್ನೇ ಸವರುತ್ತಿದ್ದರು.

ಇತ್ತ ಕಂಡಕ್ಟರ್ ಚಿಕ್ಕಿಯನ್ನು ಟಿಕೆಟ್ ಕೇಳುವುದನ್ನು ಬಿಟ್ಟ. ಬಸ್ಸಿನಲ್ಲಿ ಒಬ್ಬ ದಢೂತಿ ಅವಳ ತೊಡೆಯ ಮೇಲೆಯೇ ಕೂರಲು ಬಂದ. ಕಿರುಚಿದರೆ ಯಾರೂ ತಿರುಗಲಿಲ್ಲ. ಶಾಲೆಯ ಗೇಟಿನಲ್ಲಿ ಗುಬ್ಬಿ ಅವಳ ಪಕ್ಕದಲ್ಲೇ ಹಾದು, ಅತ್ತಿತ್ತ ಹುಡುಕಿ, ಅಳುತ್ತ ನಿಂತಿತು. ಚಿಕ್ಕಿ ತಬ್ಬಿಕೊಂಡಳು. ಮಗು ಗಾಳಿಗೆ ನಡುಗಿದಂತೆ ನಡುಗಿ ದೂರ ಸರಿಯಿತು. ಮನೆಗೆ ಕರೆದೊಯ್ದವಳು ದೊಡ್ಡಮ್ಮ.

ಚಿಕ್ಕಿ ಹಿಂದೆಯೇ ಓಡಿ ಮನೆ ಸೇರಿದರೆ, ಗುಬ್ಬಿ ಆ ಪುಸ್ತಕವನ್ನು ಎದೆಗವಚಿಕೊಂಡು ಕೂತಿತ್ತು. "ಅಮ್ಮ, ಮಾತಾಡಮ್ಮ" ಎಂದು ಮುಖಪುಟಕ್ಕೆ ಮುತ್ತಿಡುತ್ತಿತ್ತು.

ಚಿಕ್ಕಿ ತಲೆಯೆತ್ತಿದರೆ ಅಕ್ಕ ನೇರ ಅವಳನ್ನೇ ನೋಡುತ್ತಿದ್ದಳು. ಇಡೀ ಊರಿನಲ್ಲಿ ಅಕ್ಕನೊಬ್ಬಳಿಗೇ ಅವಳು ಕಾಣುತ್ತಿದ್ದಳು.

"ನೀನೇನಾ ಅಕ್ಕ? ನೀನಾ?"

ಅಕ್ಕ ಕುಸಿದು ಕೂತು ಅವಳ ಕಾಲು ಹಿಡಿದುಕೊಂಡಳು. "ನಿನ್ನ ಚಾಳಿ ನನಗೆ ಗೊತ್ತಿತ್ತಲ್ಲೇ. ನನ್ನ ರಕ್ತ, ನನ್ನ ಕೂದಲು ಹಾಕಿ ಅರೆದೆ. ಮನೆಗೆ ಯಾರೇ ಬರಲಿ, ನಿನ್ನನ್ನೇ ನೋಡೋರು. ನಾನು ಪಕ್ಕದಲ್ಲೇ ಇದ್ರೂ ಕಣ್ಣಿಗೆ ಬೀಳ್ತಿರಲಿಲ್ಲ. ನನ್ನ ಪುಸ್ತಕಾನಾದ್ರೂ ನೋಡಲಿ ಅಂತ… ಹೊಟ್ಟೆಗೆ ಹಾಕ್ಕೋ ಚಿಕ್ಕಿ. ಬಿಡಿಸೋದು ನನಗೆ ಗೊತ್ತು."

"ಸಾಯಿ ಅತ್ಲಾಗೆ! ನಿನ್ನನ್ನ ಅಮ್ಮ ಅಂದ್ಕೊಂಡಿದ್ನಲ್ಲೇ!" ಚಿಕ್ಕಿ ಬಿಕ್ಕಿ ಬಿಕ್ಕಿ ಅತ್ತಳು. ಸಿಟ್ಟು ನೆತ್ತಿಗೇರಿದ್ದರೂ ಮಗಳ ಗತಿಯೇನು? ಬಿಡಿಸಬಲ್ಲವಳು ಅಕ್ಕನೊಬ್ಬಳೇ. ಅವಳು ಕರೆದಲ್ಲಿಗೆ ಹೋಗಲೇಬೇಕಾಯಿತು.

ರಜೆಯ ದಿನ ಮಧ್ಯಾಹ್ನ ಮುದ್ರಣಾಲಯ ಬಿಕೋ ಎನ್ನುತ್ತಿತ್ತು. ಗುಬ್ಬಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಇಬ್ಬರೂ ಹಿಂಬದಿಯ ಕೋಣೆ ಹೊಕ್ಕರು. ಹಳಸಿದ ಅಂಟು, ಸೀಮೆಎಣ್ಣೆ, ಎಲ್ಲಕ್ಕೂ ಮಿಗಿಲಾಗಿ ಕೂದಲು ಸುಟ್ಟ ಕಮಟು. ಮೂಲಚಿತ್ರ ಮೇಜಿನ ಮೇಲಿತ್ತು.

"ಅರೆದವಳು, ಬರೆದವಳು ಇಬ್ರೂ ನೆಕ್ಕಿ ತೆಗೀಬೇಕು" ಎಂದಳು ಅಕ್ಕ. "ನೀನು ಸುತ್ತಲ ಕೆಂಪು ತಗೋ. ಮುಖದ ಭಾಗ ಉರಿಯತ್ತೆ, ಅದು ನನಗಿರಲಿ. ಪಾಪ ನಂದಲ್ವಾ?"

ಆ ಮಾತಿಗೆ ಚಿಕ್ಕಿ ಅಷ್ಟು ಸಿಟ್ಟಿನಲ್ಲೂ ಕರಗಿಬಿಟ್ಟಳು ನೋಡಿ!

ಅಕ್ಕ ದೀಪ ಆರಿಸಿದಳು. ಕಗ್ಗತ್ತಲು. ಚಿಕ್ಕಿ ಬಗ್ಗಿದಳು. ನಾಲಿಗೆ ಕಾಗದಕ್ಕೆ ತಗುಲಿತು. ಬಣ್ಣ ಬೆಚ್ಚಗಿತ್ತು. ಉಪ್ಪು. ತುಕ್ಕು. ಹಲ್ಲಿಗೆ ಕೂದಲೆಳೆ ಸಿಕ್ಕಿತು. ವಾಕರಿಕೆ ಬಂತು. ಗುಬ್ಬಿಯನ್ನು ನೆನೆದು ನುಂಗಿದಳು. ಪಕ್ಕದಲ್ಲಿ ಅಕ್ಕ ಲೊಚಲೊಚನೆ ನೆಕ್ಕುತ್ತಿದ್ದಳು. ಆತುರಾತುರವಾಗಿ. ಹಸಿದವಳಂತೆ. ಚಿಕ್ಕಿಯ ಕೆನ್ನೆ ಬಿಗಿಯಿತು. ದವಡೆ ಕಟಕಟನೆ ಸರಿಯಿತು. ಕಾಗದ ಹರಿಯಿತು. ನಾಲಿಗೆಗೆ ಬರೀ ಮರ ತಗುಲಿತು.

ದೀಪ ಹತ್ತಿತು.

ಎದುರಿಗೆ ಚಿಕ್ಕಿ ನಿಂತಿದ್ದಳು. ಅದೇ ಕಣ್ಣು, ಅದೇ ಮೂಗು, ತುಟಿಯ ಸುತ್ತ ಬಣ್ಣ. ಚಿಕ್ಕಿ ತನ್ನ ಮುಖ ಮುಟ್ಟಿಕೊಂಡಳು. ಜೋತುಬಿದ್ದ ಕೆನ್ನೆ, ಒರಟು ಚರ್ಮ. ಬೆರಳುಗಳೂ ಅಕ್ಕನವೇ.

"ಪುಸ್ತಕ ಯಾರಿಗೆ ಬೇಕಿತ್ತೇ?" ಎಂದು ಎದುರಿನವಳು ಚಿಕ್ಕಿಯ ದನಿಯಲ್ಲೇ ಮೆಲ್ಲಗೆ ಕೇಳಿದಳು. ತುಟಿ ಒರೆಸಿಕೊಂಡು ಬಾಗಿಲು ತೆರೆದಳು.

"ಅಮ್ಮಾ!" ಗುಬ್ಬಿ ಓಡಿಬಂದು ಅವಳ ಕೊರಳಿಗೆ ಜೋತುಬಿದ್ದಿತು.

"ಅಲ್ಲ ಕಂದಾ! ನಾನು, ನಾನು ನಿನ್ನಮ್ಮ!" ಚಿಕ್ಕಿ ಕೂಗಿದಳು. ಹೊರಬಂದದ್ದು ಅಕ್ಕನ ಒಡಕು ದನಿ. ಮಗು ಬೆದರಿ ಆ ಕೊರಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಿತು.

"ದೊಡ್ಡಮ್ಮಂಗೆ ಮೈ ಸರಿಯಿಲ್ಲ ಪುಟ್ಟಾ. ನಾವು ಈ ಊರು ಬಿಟ್ಟು ಹೋಗೋಣ. ಟಾಟಾ ಮಾಡು."

ಗುಬ್ಬಿ ಆ ಹೆಗಲ ಮೇಲಿಂದ ಪುಟ್ಟ ಕೈಯೆತ್ತಿತು. "ಟಾಟಾ ದೊಡ್ಡಮ್ಮ" ಎಂದಿತು.