ಹಗುರಾದ ಬೋಟು

ಜನವರಿ ಹತ್ತೊಂಬತ್ತು, ಬೆಳಿಗ್ಗೆ ಒಂಬತ್ತು ಗಂಟೆ. ಮಕ್ತಲ್ ಠಾಣೆಗೆ ಒದ್ದೆ ಸೀರೆಯಲ್ಲೇ ಬಂದ ಸರಿತಾ, ಕೂರು ಎಂದರೂ ಕೂರಲಿಲ್ಲ. ಹಿಂದಿನ ದಿನ, ಸೋಮವಾರ, ನಸುಕಿನಲ್ಲಿ ಮೀನಿಗೆಂದು ಹೋದ ಗಂಡ ರಾಜಕುಮಾರನ ಹೆಣ ಕೃಷ್ಣೆಯ ಹಿನ್ನೀರಿನಲ್ಲಿ ಆಗಷ್ಟೇ ಸಿಕ್ಕಿತ್ತು. ಕುಡಿದು ಹರಗೋಲಿನಿಂದ ಬಿದ್ದ ಎಂದು ದಡದವರೆಲ್ಲ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು.

"ಅವ್ರು ಹೆಂಡ ಮುಟ್ಟಿದವ್ರಲ್ರಿ," ಎಂದಳು. "ಬೆನ್ನ ಮ್ಯಾಗ ಮೂರು ಗೀರು ಅದಾವ, ಸಾಲಾಗಿ. ನೀರು ಹಂಗ ಗೀರತೈತೇನ್ರಿ?"

ಎಸ್‌ಐ ಬಸವೇಶ್ವರಿ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದಳು. ಸರಿತಾಳ ಸಂಕಟ ಗಂಡನ ಸಾವಿಗೇ ಮುಗಿಯುವಂತಿರಲಿಲ್ಲ. ನಡುಗಡ್ಡೆಯ ಪಕ್ಕದ ಮಡುವಿನಲ್ಲಿ ಮೀನು ದಂಡಿಯಾಗಿ ಸಿಗುತ್ತದೆ. ಸಂಕ್ರಾಂತಿಯ ನಂತರದ ಸೋಮವಾರ ಅಲ್ಲಿನ ಗೂಟಕ್ಕೆ ಯಾರು ಮೊದಲು ಬಟ್ಟೆ ಕಟ್ಟುತ್ತಾರೋ ಹಂಗಾಮು ಮುಗಿಯುವವರೆಗೆ ಮಡು ಅವರದು. ಅವರು ಸತ್ತರೆ ಮನೆಯವರದು. ಆದರೆ ಕುಡಿದು ನೀರಿಗಿಳಿದರೆ ಗಂಗಮ್ಮನಿಗೆ ಅಪಚಾರ, ಅಂಥವರ ಮನೆಗೆ ಮಡು ಉಳಿಯುವುದಿಲ್ಲ. ಈ ಸಲ ಬಟ್ಟೆ ಕಟ್ಟಿದ್ದವನು ರಾಜಕುಮಾರ. ಕುಡಿದಿದ್ದ ಎಂಬ ಪುಕಾರು ಎಲ್ಲಿಂದ ಹುಟ್ಟಿತೆಂದು ವಿಚಾರಿಸಿದರೆ ಎಲ್ಲರೂ ತೋರಿಸಿದ್ದು ಒಂದೇ ಮನೆ, ಮೀನಿನ ವ್ಯಾಪಾರಿ ಗುರುಲಿಂಗನದು.

ಮರಣೋತ್ತರ ವರದಿಯಲ್ಲಿ ಹೆಂಡದ ಸುಳಿವೇ ಇರಲಿಲ್ಲ. ಗೀರುಗಳು ಬೋಟಿನ ಎಂಜಿನ್ನಿಗಿರುವ ಫ್ಯಾನಿನವು, ಆದರೆ ಪ್ರಾಣ ಹೋಗುವಷ್ಟು ಆಳವಲ್ಲ. ಸಾವು ನೀರು ಕುಡಿದು. ಆ ನೀರಿನಲ್ಲಿ ಎಂಜಿನ್ ಇದ್ದದ್ದು ಗುರುಲಿಂಗನ ಬೋಟಿಗೆ ಮಾತ್ರ. ಉಳಿದವೆಲ್ಲ ಹರಗೋಲು.

ವಿಚಾರಣೆಗೆ ಹೋದಾಗ ಆಸಾಮಿ ಮಿರ್ಚಿ ಭಜಿ ತಿನ್ನುತ್ತಿದ್ದ. ತಿನ್ನುವುದನ್ನು ನಿಲ್ಲಿಸಲೂ ಇಲ್ಲ. ಗುಡಿಯ ಮೈಕು ಹಚ್ಚುವ ಹೊತ್ತಿಗೆ, ಅಂದರೆ ಆರಕ್ಕೆ, ಮಂಜಿನೊಳಗೆ ಎಂಜಿನ್ ಸದ್ದೂ ಚೀರಾಟವೂ ಕೇಳಿ ತಾನು ಕೂಗು ಹಾಕಿದೆನೆಂದು ಹರಗೋಲಿನ ಮಾರ್ಕಂಡೇಯ ಹೇಳಿಕೆ ಕೊಟ್ಟಿದ್ದ. ಆರೂಕಾಲಿಗೆ ತಾನು ಗದ್ವಾಲ್ ಕಡೆಯ ದಡದಲ್ಲಿ ಚಹಾ ಕುಡಿಯುತ್ತಿದ್ದೆ ಎಂದ ಗುರುಲಿಂಗ. ತನ್ನದು ಎಂಟು ಎಚ್‌ಪಿ ಎಂಜಿನ್, ನಡುಗಡ್ಡೆಯಿಂದ ಅಲ್ಲಿಗೆ ಅರ್ಧ ತಾಸು ಬೇಕು.

"ಹಾರಿ ಹೋದ್ನೇನ್ರಿ ಮೇಡಂ?" ಎಂದು ನಕ್ಕ. ಹಲ್ಲಿನ ಸಂದಿಯಲ್ಲೆಲ್ಲ ಭಜಿ. ಥೂ, ಪಕ್ಕದ ಓಣಿಯಲ್ಲಿ ಹೆಣ ಇನ್ನೂ ಮಣ್ಣಾಗಿರಲಿಲ್ಲ.

ಚಹಾದ ಮಾತು ನಿಜವಾಗಿತ್ತು. ಆದರೆ ಬೋಟಿನ ಪಂಚನಾಮೆ ಮಾಡುವಾಗ ಹಿಂದಿನ ಹಲಗೆಯ ಮೇಲೆ, ಎಂಜಿನ್ ಬಿಗಿದಿದ್ದ ಜಾಗದ ಆಚೆಗೆ, ಇನ್ನೂ ಅಗಲವಾದ ಹೊಸ ಗುರುತುಗಳು ಕಂಡವು. ಹೆಡ್ ಕಾನ್‌ಸ್ಟೇಬಲ್ ಚಂದ್ರಕಾಂತ್ ಗದ್ವಾಲಿನ ರಿಪೇರಿ ಶೆಡ್ಡುಗಳನ್ನು ಸುತ್ತಿ ಬಂದ. ಸಂಕ್ರಾಂತಿಗೆ ಮೊದಲು ಗುರುಲಿಂಗ ಹದಿನೈದು ಎಚ್‌ಪಿಯ ಹಳೆಯ ಎಂಜಿನ್ ಒಂದನ್ನು ಕೊಂಡಿದ್ದ. ಅದು ಉಟ್ಕೂರಿನಲ್ಲಿ, ಅವನ ಹೊಲದ ಜೋಳದ ಬಣವೆಯೊಳಗೆ ಸಿಕ್ಕಿತು.

ಚಂದ್ರಕಾಂತ್ ಹಿಗ್ಗಿಹೋದ. ಶಕ್ತಿ ಹತ್ತಿರ ಹತ್ತಿರ ದುಪ್ಪಟ್ಟು, ಅಂದಮೇಲೆ ವೇಗವೂ ದುಪ್ಪಟ್ಟು, ಅರ್ಧ ತಾಸಿನ ದಾರಿ ಕಾಲು ತಾಸು. ಬಾಯಿಲೆಕ್ಕ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಓಡಿಸಿಯೇ ನೋಡೋಣ ಎಂದಳು ಬಸವೇಶ್ವರಿ. ಅಂದು ನಸುಕಿನಲ್ಲಿ ಬೋಟಿಗೆ ಮಂಜುಗಡ್ಡೆ ಹಾಕಿದ ನಾಲ್ಕು ಕ್ರೇಟು ಮೀನು ಏರಿಸಿದ್ದನ್ನು ಮಾರ್ಕಂಡೇಯ ಕಂಡಿದ್ದ. ಅಷ್ಟೇ ಭಾರ ಹೇರಿ, ದೊಡ್ಡ ಎಂಜಿನ್ ಕಟ್ಟಿ ನಡುಗಡ್ಡೆಯಿಂದ ಬಿಟ್ಟರು. ಎಂಜಿನ್ ಒದರಿದ್ದೇ ಒದರಿದ್ದು. ಬೋಟಿನ ಹಿಂಭಾಗ ನೀರಿನಲ್ಲಿ ಕುಸಿಯಿತು, ಮೂತಿ ಮೇಲೆದ್ದಿತು, ಇದ್ದ ಶಕ್ತಿಯೆಲ್ಲ ನೀರು ತಳ್ಳುವುದರಲ್ಲೇ ಮುಗಿಯಿತು. ಗದ್ವಾಲ್ ದಡ ಮುಟ್ಟಲು ಇಪ್ಪತ್ತೈದು ನಿಮಿಷ. ಉಳಿತಾಯವಾದದ್ದು ಬರೀ ಐದು.

ಸುದ್ದಿ ಕೇಳಿದ ಗುರುಲಿಂಗ ತನ್ನ ಎಂಜಿನ್ ವಾಪಸ್ ಯಾವಾಗ ಕೊಡುತ್ತೀರಿ ಎಂದು ಫೋನ್ ಮಾಡಿದ.

ಕೇಸು ಮುಗಿಯಿತೆಂದು ಚಂದ್ರಕಾಂತ್ ಗದ್ವಾಲ್ ದಡದಲ್ಲೇ ಕ್ರೇಟು ಇಳಿಸಿ, ಮುಖ ಸಪ್ಪಗೆ ಮಾಡಿಕೊಂಡು ಒಬ್ಬನೇ ಬೋಟು ಹೊರಡಿಸಿದ. ನಡುಗಡ್ಡೆಯಲ್ಲಿ ನಿಂತು ನೋಡುತ್ತಿದ್ದ ಬಸವೇಶ್ವರಿಯ ಎದುರಿಗೇ ಬೋಟು ಮೇಲೆದ್ದು ನೀರಿನ ಬೆನ್ನ ಮೇಲೆ ಜಾರಿಕೊಂಡು ಬಂತು. ಅವನ ಟೋಪಿ ಹಾರಿ ಹೋಯಿತು. ಹದಿಮೂರು ನಿಮಿಷ.

ಹಾಗಾದರೆ ಅಂದಿನ ನಾಲ್ಕು ಕ್ರೇಟು ಎಲ್ಲಿ ಹೋದವು? ಆ ದಿನ ಗುರುಲಿಂಗ ಬರಿಗೈಲಿ ಬಂದಿದ್ದ ಎಂದು ಗದ್ವಾಲಿನ ಮೀನು ಖರೀದಿದಾರ ಹೇಳಿದ. ಬೆಕ್ಕಿಗೆ ಒಂದು ಮೀನಿನ ತಲೆಯನ್ನೂ ಎಸೆಯದ ಮನುಷ್ಯ! ನಡುಗಡ್ಡೆಯ ಸುತ್ತಲಿನ ಜೊಂಡನ್ನೆಲ್ಲ ಹುಡುಕಿಸಿದಳು. ಮೊದಲು ಸಿಕ್ಕಿದ್ದು ನಾತ. ಆಮೇಲೆ ಗುರುಲಿಂಗನ ಕೆಂಪು ಗುರುತಿನ ಕ್ರೇಟುಗಳು, ಒಳಗೆ ಉಬ್ಬಿ ಒಡೆದ, ಹುಳ ಮಿಜಿಗುಡುವ ಮೀನು. ಪಂಚರಲ್ಲಿ ಒಬ್ಬ ವಾಂತಿ ಮಾಡಿಕೊಂಡೇ ಸಹಿ ಹಾಕಿದ.

ಅಂದೇ ಸಂಜೆ ನಾಲ್ಕಕ್ಕೆ ಬಂಧನವಾಯಿತು. ಮಡು ಸರಿತಾಳದೇ ಎಂದು ದಡದ ಹಿರಿಯರು ಠಾಣೆಗೆ ಬಂದು ಹೇಳಿ ಹೋದರು. ರಾಜಕುಮಾರ ಕುಡುಕ ಎಂದು ಸಾರಿದ ಬಾಯಿಗಳೂ ಇವೇ. ಅವರಿಗೆ ಚಹಾ ತರಿಸಲು ಬಸವೇಶ್ವರಿಗೆ ಮನಸ್ಸು ಬರಲಿಲ್ಲ.

ಗುರುಲಿಂಗ ಎಲ್ಲವನ್ನೂ ತಣ್ಣಗೆ ಹೇಳಿದ. ಮಡುವಿಗೆ ಮೊದಲು ಮುಟ್ಟಬೇಕೆಂದೇ ಆ ಎಂಜಿನ್ ಕೊಂಡಿದ್ದ. ಹಾಗೇ ಗದ್ವಾಲಿಗೆ ಮೀನೂ ಮುಟ್ಟಲಿ ಎಂಬ ದುರಾಸೆಗೆ ಕ್ರೇಟು ಹೇರಿದ, ಬೋಟು ತೆವಳಿತು. ಹೋಗಿ ನೋಡಿದರೆ ಹುಟ್ಟು ಹಾಕಿಕೊಂಡು ಬಂದವನು ಬಟ್ಟೆ ಕಟ್ಟಿ ಕೂತಿದ್ದ. ಅಲೆ ಎಬ್ಬಿಸಿ ಹೆದರಿಸಲು ಹೋದಾಗ ಹರಗೋಲು ಮಗುಚಿತು. ಎರಡನೇ ಸುತ್ತಿಗೆ ಬೋಟು ಅವನ ಮೇಲೇ ಹೋಯಿತು. ಅಷ್ಟರಲ್ಲಿ ಮಾರ್ಕಂಡೇಯನ ಕೂಗು ಕೇಳಿ ಕ್ರೇಟುಗಳನ್ನು ನೀರಿಗೆ ನೂಕಿದ.

"ಆವಾಗ ಅವಗ ಜೀವ ಇತ್ತೇನು?" ಎಂದು ಕೇಳಿದಳು ಬಸವೇಶ್ವರಿ.

"ಇತ್ರಿ. ಬೋಟಿನ ಅಂಚು ಹಿಡ್ಕೊಂಡಿದ್ದ."

"ಮತ್ಯಾಕ ಎತ್ತಿಕೊಳ್ಳಲಿಲ್ಲ?"

ವ್ಯಾಪಾರ ತಿಳಿಯದವರಿಗೆ ತಿಳಿಸಿ ಹೇಳುವ ಹಾಗೆ ಅವನು ಮುಂದಕ್ಕೆ ಬಾಗಿದ. "ಹಗುರಾಗ್ಲಿ ಅಂತ ನಾಕು ಕ್ರೇಟು ಚೆಲ್ಲೀನ್ರಿ ಮೇಡಂ. ಅವನ್ನ ಹತ್ತಿಸ್ಕೊಂಡ್ರ ಮತ್ತ ಭಾರ ಆಗತಿತ್ತಲ್ರಿ."

ಸಿಟ್ಟಿಗೆ ಕೊಂದವರನ್ನು, ಕುಡಿದು ಕೊಂದವರನ್ನು, ಕೊಂದು ಅತ್ತವರನ್ನು ಬಸವೇಶ್ವರಿ ಕಂಡಿದ್ದಳು. ಇವನು ತನ್ನ ಮಾತಿಗೆ ಅವಳು ಹೌದೆನ್ನಲಿ ಎಂದು ಕಾಯುತ್ತ ಕೂತಿದ್ದ. ಅಂಚು ಹಿಡಿದ ಕೈ ಹೇಗೆ ಬಿಟ್ಟಿತು ಎಂದು ಕೇಳಿದಳು.

"ತಾನಾಗೇ ಬಿಡಲಿಲ್ರಿ," ಎಂದ ಗುರುಲಿಂಗ. "ಒಂದೊಂದು ಬೆರಳು ಬಿಡಿಸಬೇಕಾತು."